ತನಗೆ ತಾನು ತೋರುವ ದಯೆ

ಕೊಡಗಿನಲ್ಲಿಯೂ ವೈನಾಡಿನಲ್ಲಿಯೂ ಮುಂಗಾರು ಮಳೆ ಹಲವು ದಿನ ಬಿಡದೆ ಸುರಿದು, ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳೆರಡೂ ಏಕಕಾಲದಲ್ಲಿ ತುಂಬಿ, ಅವುಗಳಿಂದ ಹೊರಬಿಟ್ಟ ನೀರು ತಿರುಮಕೂಡಲಿನ ಸಂಗಮದಲ್ಲಿ ಒಂದಾಗಿ ತಲಕಾಡನ್ನು ದಾಟಿ ಬರುವಾಗ, ಆ ಮಹಾಪ್ರವಾಹವು ಶಿವನಸಮುದ್ರದ ಬಂಡೆಗಳಿಂದ ಧುಮುಕುವುದಕ್ಕೆ ಮುನ್ನ ಮೈಚಾಚುವುದು ಕೊಳ್ಳೇಗಾಲ ತಾಲ್ಲೂಕಿನ ನದೀತೀರದ ಹಳ್ಳಿಗಳ ಗದ್ದೆಗಳ ಮೇಲೆ. ಮುಳ್ಳೂರು, ದಾಸನಪುರ, ಹಂಪಾಪುರ, ಹರಳೆ, ಅಣಗಳ್ಳಿ, ಯಡಕುರಿಯ ಮೊದಲಾದ ಊರುಗಳ ಹೆಸರುಗಳು ವೃತ್ತಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಇಂಥ ಸಂದರ್ಭಗಳಲ್ಲಿಯೇ. 2018ರ ಮಳೆಗಾಲದಲ್ಲಿಯೂ ಮರುವರ್ಷ 2019ರ ಆಗಸ್ಟ್ ತಿಂಗಳಿನಲ್ಲಿಯೂ ಲಕ್ಷ ಕ್ಯೂಸೆಕ್ಕಿಗೂ ಮೀರಿದ ನೀರು ಹರಿದುಬಂದು, ಈ ಭಾಗದ ಬೆಳೆಗಳು ಮುಳುಗಿದುವು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು, ಜನರು ಗಂಜಿಕೇಂದ್ರಗಳನ್ನು ಸೇರಬೇಕಾಯಿತು. ಹತ್ತೊಂಬತ್ತನೆಯ ಶತಮಾನದಿಂದ ನಿಂತಿದ್ದ ಶಿವನಸಮುದ್ರದ ವೆಲ್ಲೆಸ್ಲಿ ಸೇತುವೆಯ ಒಂದು ಭಾಗವು ಕುಸಿದುಬಿದ್ದುದು 2018ರ ಆ ನೆರೆಯಲ್ಲಿಯೇ.

ನೆರೆಯಿಂದಾಗುವ ನಷ್ಟ ಅಲ್ಪವಾದುದಲ್ಲ. ಒಂದು ವರ್ಷದ ದುಡಿಮೆಯೂ ಅದಕ್ಕಾಗಿ ಮಾಡಿದ ಸಾಲವೂ ಎರಡು ದಿನಗಳಲ್ಲಿ ನೀರುಪಾಲಾಗುವುದೆಂದರೆ ಅದು ಯಾವ ಸಂಸಾರಕ್ಕಾದರೂ ಭಾರವಾದ ಪೆಟ್ಟು. ಆದರೂ ಮನಸ್ಸಿನ ವ್ಯಾಪಾರಗಳನ್ನು ಅರಿಯಬಯಸುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಗದ್ದೆ ಮುಳುಗಿದವನು ದುಃಖಿಸುತ್ತಾನೆ, ಸರ್ಕಾರವನ್ನು ದೂರುತ್ತಾನೆ, ದೇವರನ್ನೂ ಬೈಯುತ್ತಾನೆ. ಆದರೆ ‘ನಾನು ಯಾವ ಕೆಲಸಕ್ಕೂ ಬಾರದವನು’ ಎಂಬ ಮಾತು ಅವನ ಬಾಯಿಂದ ಸಾಮಾನ್ಯವಾಗಿ ಹೊರಡುವುದಿಲ್ಲ. ‘ನಮ್ದೊಂದೇನಾ, ಊರ್ದೆಲ್ಲಾನೂ ಹೋಯ್ತು ಕನ’ ಎಂಬ ಒಂದು ಮಾತಿನಲ್ಲಿ ಅವನ ಶೋಕವು ಊರಿನ ಶೋಕದೊಡನೆ ಸೇರಿ ಸಹ್ಯವಾಗುತ್ತದೆ. ಅದೇ ಊರಿನ ಅದೇ ಬೀದಿಯಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗನನ್ನೋ, ಕೊರೆಸಿದ ಕೊಳವೆಬಾವಿಯಲ್ಲಿ ನೀರು ಬಾರದೆ ಸಾಲಗಾರನಾದ ರೈತನನ್ನೋ, ಗಂಡನ ಮನೆಯಲ್ಲಿ ಬಾಳಲಾಗದೆ ತೌರಿಗೆ ಮರಳಿದ ಹೆಣ್ಣುಮಗಳನ್ನೋ ನೋಡಿರಿ. ಅವರ ನಷ್ಟವೂ ನಷ್ಟವೇ. ಆದರೆ ಅದನ್ನು ಹಂಚಿಕೊಳ್ಳುವುದಕ್ಕೆ ಗಂಜಿಕೇಂದ್ರವಿಲ್ಲ. ಆ ಹುಡುಗನು ಫಲಿತಾಂಶವನ್ನು ಮೊಬೈಲಿನಲ್ಲಿ ಒಬ್ಬನೇ ನೋಡಿ, ಒಬ್ಬನೇ ಕುಳಿತು, ತಾನೇ ಆರೋಪಿಯೂ ತಾನೇ ನ್ಯಾಯಾಧೀಶನೂ ಆಗಿ ತನ್ನ ಮೇಲೆ ಶಿಕ್ಷೆಯನ್ನು ವಿಧಿಸಿಕೊಳ್ಳುತ್ತಾನೆ. ನಮ್ಮ ಸಮಾಜವು ಕೆಲವು ನಷ್ಟಗಳಿಗೆ ಬಂಧುತ್ವವನ್ನೂ ಕೆಲವು ನಷ್ಟಗಳಿಗೆ ಏಕಾಂತವಾಸವನ್ನೂ ಗೊತ್ತುಮಾಡಿದೆ. ಈ ಭೇದದಿಂದ ಮನಸ್ಸಿನ ಆರೋಗ್ಯಕ್ಕೆ ಒದಗುವ ಹಾನಿಯನ್ನೂ, ಅದಕ್ಕೆ ವಿಜ್ಞಾನವು ಕಂಡುಕೊಂಡಿರುವ ಪರಿಹಾರವೊಂದನ್ನೂ ವಿವರಿಸುವುದು ಈ ಅಧ್ಯಾಯದ ಉದ್ದೇಶ.

ಆ ಪರಿಹಾರವನ್ನು ನಾವು ಆತ್ಮಕರುಣೆಯೆಂದು ಕರೆಯೋಣ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಕ್ರಿಸ್ಟಿನ್ ನೆಫ್ ಎಂಬ ಮನಶ್ಶಾಸ್ತ್ರಜ್ಞೆ 2003ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಿಂದ ಈ ಗುಣವು ವೈಜ್ಞಾನಿಕ ಅಧ್ಯಯನದ ವಸ್ತುವಾಯಿತು. ಅವರ ವಿವರಣೆಯಂತೆ ಆತ್ಮಕರುಣೆಗೆ ಮೂರು ಅಂಗಗಳು. ಪ್ರತಿಯೊಂದಕ್ಕೂ ಎದುರಾಗಿ ಅದರ ವಿರೋಧಿಯೊಂದು ನಿಂತಿದೆ. ಸೋತಾಗ ತನ್ನೊಡನೆ ತಾನು ಮೃದುವಾಗಿ ವರ್ತಿಸುವುದು ಮೊದಲನೆಯದು. ಅದರ ವಿರೋಧಿ ತನ್ನನ್ನು ತಾನು ಹಳಿದುಕೊಳ್ಳುವುದು. ತಪ್ಪುವುದೂ ಎಡವುವುದೂ ಮನುಷ್ಯಮಾತ್ರರಾದ ಎಲ್ಲರ ಪಾಲಿಗೂ ಬಂದದ್ದೆಂದು ತಿಳಿಯುವುದು ಎರಡನೆಯದು. ಅದರ ವಿರೋಧಿ, ಲೋಕದಲ್ಲಿ ಹೀಗಾದವನು ತಾನೊಬ್ಬನೇ ಎಂಬ ಒಂಟಿತನ. ನೋವನ್ನು ಅಡಗಿಸದೆಯೂ ಹಿಗ್ಗಿಸದೆಯೂ ಇದ್ದುದನ್ನು ಇದ್ದಂತೆ ಕಾಣುವ ಎಚ್ಚರ ಮೂರನೆಯದು; ಅದರ ವಿರೋಧಿ ನೋವಿನಲ್ಲಿಯೇ ಮುಳುಗಿ ಬೇರೇನೂ ಕಾಣದಂತಾಗುವುದು. ಈ ಆರನ್ನೂ ಅಳೆಯುವುದಕ್ಕೆ ನೆಫ್ ಅವರು 26 ವಾಕ್ಯಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಉತ್ತರಿಸುವವರು ಪ್ರತಿಯೊಂದು ವಾಕ್ಯವೂ ತಮಗೆಷ್ಟು ಒಪ್ಪುತ್ತದೆಂಬುದನ್ನು ಒಂದರಿಂದ ಐದರವರೆಗಿನ ಅಂಕಗಳಲ್ಲಿ ಸೂಚಿಸಬೇಕು.

ಈ ಗುಣವನ್ನು ಅದರ ನೆರೆಹೊರೆಯಲ್ಲಿರುವ ಬೇರೆ ಭಾವಗಳಿಂದ ಬೇರ್ಪಡಿಸಿ ನೋಡದಿದ್ದರೆ ಭ್ರಾಂತಿಗೆ ಎಡೆಯಾದೀತು. ‘ಅಯ್ಯೋ, ನನ್ನ ಹಣೆಬರಹವೇ ಇಷ್ಟು’ ಎಂದು ಕೊರಗುವ ಸ್ವಮರುಕವು ಆತ್ಮಕರುಣೆಯಲ್ಲ. ಅಲ್ಲಿ ಎರಡನೆಯ ಅಂಗವಾದ ಸಮಾನಮಾನುಷ್ಯದ ಅರಿವೇ ಇಲ್ಲ, ತನ್ನ ದುಃಖವೊಂದೇ ಜಗತ್ತನ್ನೆಲ್ಲ ಆವರಿಸಿಕೊಂಡಿರುತ್ತದೆ. ಆತ್ಮಾಭಿಮಾನವೂ ಆತ್ಮಕರುಣೆಯಲ್ಲ, ಅಭಿಮಾನವು ತಾನು ಇತರರಿಗಿಂತ ಮೇಲೆಂಬ ಭಾವನೆಯನ್ನು ಆಶ್ರಯಿಸುವುದರಿಂದ, ಗೆದ್ದ ದಿನ ಜೊತೆಗಿದ್ದು, ಅದರ ಅಗತ್ಯ ಅತ್ಯಂತ ಹೆಚ್ಚಾಗಿರುವ ಸೋಲಿನ ದಿನ ಕೈಬಿಡುತ್ತದೆ. 2009ರಲ್ಲಿ ನೆಫ್ ಮತ್ತು ರೂಸ್ ವೊಂಕ್ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ತಿಂಗಳುಗಳ ಕಾಲ ಜನರ ಮನಃಸ್ಥಿತಿಯನ್ನು ಅನುಸರಿಸಿ ನೋಡಿದಾಗ, ತಮ್ಮ ಬಗೆಗಿನ ಭಾವನೆಯನ್ನು ಸ್ಥಿರವಾಗಿ ಉಳಿಸಿಕೊಳ್ಳುವುದರಲ್ಲಿ ಆತ್ಮಾಭಿಮಾನಕ್ಕಿಂತ ಆತ್ಮಕರುಣೆಯೇ ಹೆಚ್ಚು ಸಹಾಯಕವೆಂದು ಕಂಡುಬಂದಿತು.

ಆದರೆ ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕೇಳಿಬರುವ ಮುಖ್ಯ ಆಕ್ಷೇಪ ಬೇರೆಯದು. ತನ್ನ ತಪ್ಪನ್ನು ತಾನೇ ಮನ್ನಿಸಿಕೊಂಡವನು ಸೋಮಾರಿಯಾಗುವುದಿಲ್ಲವೆ? ಬಾರುಗೋಲಿಲ್ಲದೆ ಎತ್ತು ನಡೆದೀತೆ? ಈ ಆಕ್ಷೇಪವನ್ನು ಎತ್ತುವ ತಂದೆತಾಯಿಗಳೂ ಉಪಾಧ್ಯಾಯರೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಅದನ್ನು ಎತ್ತುತ್ತಾರೆಂಬುದರಲ್ಲಿ ಸಂಶಯವಿಲ್ಲ. ಆದಕಾರಣ ಅದಕ್ಕೆ ಸಮಾಧಾನವನ್ನು ಪ್ರಯೋಗಗಳಿಂದಲೇ ಹೇಳತಕ್ಕದ್ದು.

2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ಎಂಬವರು ಪ್ರಕಟಿಸಿದ ಪ್ರಯೋಗವೊಂದು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. ವಿದ್ಯಾರ್ಥಿಗಳಿಗೆ ಅವರು ಕಷ್ಟಕರವಾದ ಶಬ್ದಪರೀಕ್ಷೆಯೊಂದನ್ನು ಕೊಟ್ಟರು. ಪರೀಕ್ಷೆಯಾದ ಮೇಲೆ ಒಂದು ಗುಂಪಿಗೆ, ಇಂಥ ಪರೀಕ್ಷೆ ಅನೇಕರಿಗೆ ಕಷ್ಟವಾಗುವುದು ಸಹಜ, ತಮ್ಮ ಮೇಲೆ ತಾವೇ ಕಠೋರರಾಗಬೇಕಾಗಿಲ್ಲ ಎಂಬರ್ಥದ ಮಾತನ್ನು ಹೇಳಲಾಯಿತು. ಇನ್ನೊಂದು ಗುಂಪಿಗೆ, ಇಷ್ಟು ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಸೇರಿರುವ ನೀವು ಬುದ್ಧಿವಂತರೇ ಆಗಿರಬೇಕು ಎಂದು ಅಭಿಮಾನವನ್ನು ಮೇಲೆತ್ತುವ ಮಾತನ್ನು ಹೇಳಲಾಯಿತು. ಮೂರನೆಯ ಗುಂಪಿಗೆ ಏನನ್ನೂ ಹೇಳಲಿಲ್ಲ. ಬಳಿಕ ಅಂಥದೇ ಎರಡನೆಯ ಪರೀಕ್ಷೆಗೆ ಓದಿಕೊಳ್ಳುವುದಕ್ಕೆ ಅವರವರ ಇಚ್ಛೆಯಷ್ಟು ಕಾಲವನ್ನು ಬಿಟ್ಟುಕೊಟ್ಟಾಗ, ಹೆಚ್ಚು ಹೊತ್ತು ಪುಸ್ತಕವನ್ನು ಹಿಡಿದು ಕುಳಿತವರು ದಯೆಯ ಮಾತನ್ನು ಕೇಳಿದ ಮೊದಲನೆಯ ಗುಂಪಿನವರು. ಅದೇ ಸಂಶೋಧಕರ ಇನ್ನೊಂದು ಪ್ರಯೋಗದಲ್ಲಿ, ತಾವು ಎಸಗಿದ ನೈತಿಕ ಅಪರಾಧವೊಂದನ್ನು ನೆನೆದು ಅದರ ಬಗ್ಗೆ ತಮ್ಮೊಡನೆ ತಾವು ಕರುಣೆಯಿಂದ ವ್ಯವಹರಿಸಿದವರಲ್ಲಿ, ಅದನ್ನು ಸರಿಪಡಿಸಬೇಕೆಂಬ ಸಂಕಲ್ಪವು ಕುಗ್ಗುವುದಕ್ಕೆ ಬದಲಾಗಿ ಬಲಗೊಂಡಿತು. ಇದಕ್ಕೆ ಎರಡು ವರ್ಷ ಮುಂಚೆ, ಅಂದರೆ 2010ರಲ್ಲಿ, ಕೆನಡದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದ ಮೈಕೇಲ್ ವೋಲ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಕಂಡಿದ್ದರು: ಮೊದಲನೆಯ ಪರೀಕ್ಷೆಗೆ ಓದುವುದನ್ನು ನಾಳೆ ನಾಳೆಯೆಂದು ಮುಂದೂಡಿದ ವಿದ್ಯಾರ್ಥಿಗಳ ಪೈಕಿ, ಆ ತಪ್ಪಿಗಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಓದುವುದನ್ನು ಅಷ್ಟಾಗಿ ಮುಂದೂಡಲಿಲ್ಲ.

ಹೀಗಾಗುವುದಕ್ಕೆ ಕಾರಣವೇನೆಂಬುದನ್ನು ಇಂಗ್ಲೆಂಡಿನ ಡಾರ್ಬಿ ವಿಶ್ವವಿದ್ಯಾನಿಲಯದ ಪಾಲ್ ಗಿಲ್ಬರ್ಟ್ ಎಂಬ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ವಿಚಾರಸರಣಿಯಿಂದ ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಅವರ ಮತದಂತೆ ನಮ್ಮ ಭಾವಜೀವನವನ್ನು ಮೂರು ವ್ಯವಸ್ಥೆಗಳು ನಡೆಸುತ್ತವೆ: ಅಪಾಯವನ್ನು ಕಂಡು ಕಾದಾಡಲು, ಓಡಲು ಅಥವಾ ಅಡಗಲು ಪ್ರೇರಿಸುವ ಭೀತಿಯ ವ್ಯವಸ್ಥೆ, ಬೇಕಾದುದನ್ನು ಸಂಪಾದಿಸಲು ಪ್ರೇರಿಸುವ ಅಪೇಕ್ಷೆಯ ವ್ಯವಸ್ಥೆ, ಆಪ್ತರ ಸಾನ್ನಿಧ್ಯದಲ್ಲಿ ಮೈಮನಗಳು ಹಗುರವಾಗುವಂತೆ ಮಾಡುವ ಸಾಂತ್ವನದ ವ್ಯವಸ್ಥೆ. ಕಾಡಂಚಿನ ಹಾದಿಯಲ್ಲಿ ಆನೆಯನ್ನು ಕಂಡವನ ಎದೆ ಹೊಡೆದುಕೊಳ್ಳುವುದೂ, ಉಸಿರು ಬಿಗಿಯುವುದೂ, ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಸ್ರವಿಸುವುದೂ ಭೀತಿಯ ವ್ಯವಸ್ಥೆಯ ಕಾರ್ಯಗಳು. ಜೀವವನ್ನುಳಿಸುವುದಕ್ಕೆ ಅವು ಅವಶ್ಯಕ. ಆದರೆ ಶತ್ರುವು ಹೊರಗಿದ್ದಾನೆಯೋ ಒಳಗಿದ್ದಾನೆಯೋ ಎಂಬುದನ್ನು ಈ ವ್ಯವಸ್ಥೆ ಅಷ್ಟಾಗಿ ಎಣಿಸುವುದಿಲ್ಲವೆಂಬುದು ಗಿಲ್ಬರ್ಟ್ ಅವರ ಪ್ರತಿಪಾದನೆ: ‘ನೀನು ದಂಡ, ನೀನು ಅಯೋಗ್ಯ’ ಎಂದು ಒಳಗಿನ ದನಿಯೊಂದು ಹಗಲಿರುಳು ಗದರಿಸುತ್ತಿದ್ದರೆ, ದೇಹವು ಅದನ್ನೂ ಆಕ್ರಮಣವೆಂದೇ ಗ್ರಹಿಸಿ ನಿರಂತರವಾದ ಕಾವಲಿನಲ್ಲಿ ದಣಿಯುತ್ತದೆ. ಭಯಗೊಂಡ ಮನಸ್ಸು ಮಾಡುವ ಮೊದಲ ಕಾರ್ಯ ಅಡಗಿಕೊಳ್ಳುವುದು. ಅನುತ್ತೀರ್ಣನಾದ ಹುಡುಗನು ಪುಸ್ತಕವನ್ನು ಮುಟ್ಟದೆ ಇರುವುದೂ, ಸಾಲಗಾರನು ಬ್ಯಾಂಕಿನಿಂದ ಬಂದ ಕಾಗದವನ್ನು ಒಡೆದು ನೋಡದೆ ಇರುವುದೂ ಸೋಮಾರಿತನವೆಂದು ಹೊರಗಿನವರಿಗೆ ತೋರುತ್ತದೆ. ಅದು ಅನೇಕ ವೇಳೆ ಭೀತಿಯೇ. ತನ್ನ ತಪ್ಪನ್ನು ತಾನು ನೋಡಬೇಕಾದರೆ, ನೋಡಿದ ಮಾತ್ರಕ್ಕೆ ತನ್ನನ್ನು ತಾನೇ ನಾಶಮಾಡಿಕೊಳ್ಳುವುದಿಲ್ಲವೆಂಬ ಭರವಸೆ ಮೊದಲು ಬೇಕು. ಆತ್ಮಕರುಣೆಯು ಆ ಭರವಸೆಯನ್ನು ಕೊಡುತ್ತದೆ. ಅದರಿಂದಲೇ ಅದು ಹೊಣೆಗಾರಿಕೆಯ ಶತ್ರುವಲ್ಲ, ಹೊಣೆಗಾರಿಕೆಯ ಪೂರ್ವಾಂಗ.

ಪಾಶ್ಚಾತ್ಯರ ಪ್ರಯೋಗಶಾಲೆಗಳಲ್ಲಿ ಕಂಡುಬಂದ ಈ ತತ್ತ್ವವು ನಮ್ಮ ಹಳ್ಳಿಯ ಹೊಸ್ತಿಲಿನಲ್ಲಿ ಹೇಗೆ ವ್ಯಕ್ತವಾಗುತ್ತದೆಂಬುದನ್ನು ಹತ್ತಿರದಿಂದ ನೋಡೋಣ. ಫಲಿತಾಂಶದ ದಿನ ಮುಸುಕೆಳೆದುಕೊಂಡು ಮಲಗಿದ ಮೊಮ್ಮಗನ ಬಳಿಗೆ ಬಂದ ಅಜ್ಜಿ, ಅವನ ಬೆನ್ನ ಮೇಲೆ ಕೈಯಿಟ್ಟು ಆಡುವ ಮಾತು ಈ ಸೀಮೆಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಸಂಕಟ ಆಯ್ತದೆ, ನಂಗೂ ಗೊತ್ತು ಕನ್ ಮಗ. ನೀನೊಬ್ನೇನಾ ಫೇಲಾಗಿರದು? ಏಳು, ಒಂದ್ ತುತ್ತು ಉಣ್ಣು. ಇನ್ನೊಂದ್ ಸಲ ಕಟ್ಟುದ್ರಾಯ್ತು ಬುಡು.’ ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದಿರಬಹುದಾದ ಆ ವೃದ್ಧೆಯ ನಾಲ್ಕು ವಾಕ್ಯಗಳಲ್ಲಿ ಮೂರು ಅಂಗಗಳೂ ಪರಿಪೂರ್ಣವಾಗಿವೆ. ಮೊದಲನೆಯ ವಾಕ್ಯವು ನೋವನ್ನು ಅಲ್ಲಗಳೆಯದೆ ಒಪ್ಪಿಕೊಳ್ಳುತ್ತದೆ. ಎರಡನೆಯದು ಅವನನ್ನು ಒಂಟಿತನದಿಂದ ಈಚೆಗೆ ಎಳೆದುತಂದು ಸೋತವರ ಸಮುದಾಯಕ್ಕೆ ಸೇರಿಸುತ್ತದೆ. ಮೂರನೆಯದು ಅನ್ನದ ಮೂಲಕ ದಯೆಯನ್ನು ದೇಹಕ್ಕೆ ಮುಟ್ಟಿಸುತ್ತದೆ. ಇಷ್ಟಾದ ಮೇಲೆಯೇ, ಇವುಗಳ ಫಲವಾಗಿ, ಮತ್ತೆ ಪರೀಕ್ಷೆ ಕಟ್ಟುವ ಕರ್ತವ್ಯದ ಮಾತು ಬರುತ್ತದೆ. ಉಪದೇಶವನ್ನು ಮೊದಲು ಹೇಳಿ ಅನ್ನವನ್ನು ಆಮೇಲೆ ಬಡಿಸುವವರು ಈ ಅನುಕ್ರಮವನ್ನು ಮನಗಾಣಬೇಕು. ಇಂಥ ಅಜ್ಜಿಯೊಬ್ಬಳ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವನ ಅಂತರಂಗದಲ್ಲಿ ಆ ದನಿಯೇ ಕ್ರಮೇಣ ಅವನ ಸ್ವಂತ ದನಿಯಾಗಿ ನೆಲೆಸುವುದುಂಟು; ಅದು ದೊರೆಯದವರು ಅದನ್ನು ಪ್ರಯತ್ನಪೂರ್ವಕವಾಗಿ ಅಭ್ಯಾಸಮಾಡಬೇಕಾಗುತ್ತದೆ.

ತಪ್ಪಿಗೆ ಒಂದು ಕೊನೆಯಿರಬೇಕೆಂಬ ವಿವೇಕವೂ ನಮ್ಮ ಜನರ ಆಚಾರಗಳಲ್ಲಿ ಅಡಗಿದೆ. ಹರಕೆಯನ್ನು ಹೊತ್ತು ತೀರಿಸಲಾಗದೆ ಹೋದವನು, ನೇಮವನ್ನು ಮುರಿದವನು, ದೇವರ ಮುಂದೆ ನಿಂತು ತಪ್ಪೊಪ್ಪಿಕೊಂಡು ತಪ್ಪುಕಾಣಿಕೆಯನ್ನು ಅರ್ಪಿಸಿದರೆ ಅಲ್ಲಿಗೆ ಆ ಲೆಕ್ಕ ತೀರಿತು. ಮಲೆ ಮಹದೇಶ್ವರನ ಬೆಟ್ಟವನ್ನು ಹತ್ತಿದ ಭಕ್ತನು ಇಳಿಯುವಾಗ ಆ ಹೊರೆಯನ್ನು ಮತ್ತೆ ಹೊತ್ತು ತರುವುದಿಲ್ಲ. ತಪ್ಪನ್ನು ಮರೆಮಾಚದೆ ಒಪ್ಪಿಕೊಳ್ಳುವುದು, ತನ್ನ ಶಕ್ತಿಯಿದ್ದಷ್ಟು ಪರಿಹಾರ ಸಲ್ಲಿಸುವುದು, ಬಳಿಕ ಬಾಳನ್ನು ಮುಂದುವರಿಸುವುದು, ಈ ಮೂರು ಮೆಟ್ಟಿಲುಗಳೂ ಅಲ್ಲಿವೆ. ಆತ್ಮನಿಂದೆಯ ನ್ಯಾಯಸ್ಥಾನದಲ್ಲಿ ಇಂಥ ಕೊನೆಯಿಲ್ಲ. ಅಲ್ಲಿ ಒಂದೇ ಅಪರಾಧವು ಇಪ್ಪತ್ತು ವರ್ಷಗಳ ಕಾಲ ಪ್ರತಿರಾತ್ರಿಯೂ ವಿಚಾರಣೆಗೆ ಬರುತ್ತದೆ, ಪ್ರತಿರಾತ್ರಿಯೂ ಅದೇ ಶಿಕ್ಷೆಯಾಗುತ್ತದೆ. ಇನ್ನು, ಇದೇ ಸೀಮೆಯ ಚಿಕ್ಕಲ್ಲೂರಿನ ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿಭೇದವನ್ನು ಬದಿಗಿಟ್ಟು ಜನರು ಒಟ್ಟಿಗೆ ಕುಳಿತು ಉಣ್ಣುವುದರಲ್ಲಿಯೂ, ಎಲ್ಲರೂ ಹಸಿವುಳ್ಳವರೇ, ಎಲ್ಲರೂ ಸಮಾನರೇ ಎಂಬ ಅರಿವು ಆಚರಣೆಯ ರೂಪವನ್ನು ತಾಳಿದೆ.

ನೆಫ್ ಅವರು ತಮ್ಮ ತತ್ತ್ವದ ಬೇರುಗಳನ್ನು ಬೌದ್ಧ ಚಿಂತನೆಯಲ್ಲಿ ಗುರುತಿಸಿದ್ದಾರೆ. ಐದನೆಯ ಶತಮಾನದ ಬುದ್ಧಘೋಷನು ತನ್ನ ವಿಸುದ್ಧಿಮಗ್ಗವೆಂಬ ಗ್ರಂಥದಲ್ಲಿ ಮೈತ್ರೀಭಾವನೆಯ ಸಾಧನೆಯನ್ನು ವಿವರಿಸುವಾಗ, ಸಾಧಕನು ಅದನ್ನು ತನ್ನಿಂದಲೇ ಆರಂಭಿಸಿ, ಬಳಿಕ ಪ್ರಿಯರಿಗೆ, ಉದಾಸೀನರಿಗೆ, ಕೊನೆಗೆ ವೈರಿಗಳಿಗೆ ವಿಸ್ತರಿಸಬೇಕೆಂಬ ಕ್ರಮವನ್ನು ಹಾಕಿಕೊಟ್ಟಿದ್ದಾನೆ. ಆ ಪರಂಪರೆಯ ಇನ್ನೊಂದು ಶಾಖೆ ನಮ್ಮ ಸೀಮೆಯಲ್ಲಿಯೇ ಜೀವಂತವಾಗಿದೆ: ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟಿನ ನಿರಾಶ್ರಿತರು ಮುಸುಕಿನ ಜೋಳವನ್ನು ಬೆಳೆಯುತ್ತ, ತಮ್ಮ ವಿಹಾರಗಳಲ್ಲಿ ಕರುಣೆಯ ಧ್ಯಾನವನ್ನು ನಡೆಸಿಕೊಂಡು ಬಂದಿದ್ದಾರೆ. ಅವರ ಧರ್ಮಗುರು ದಲೈ ಲಾಮಾ ಅವರೊಡನೆ 1990ರಲ್ಲಿ ಧರ್ಮಶಾಲಾ ಪಟ್ಟಣದಲ್ಲಿ ವಿಜ್ಞಾನಿಗಳು ನಡೆಸಿದ ಸಂವಾದವೊಂದರಲ್ಲಿ, ತಮ್ಮನ್ನು ತಾವೇ ದ್ವೇಷಿಸುವ ಜನರ ವಿಷಯ ಪ್ರಸ್ತಾಪವಾದಾಗ ಅವರು ಅಚ್ಚರಿಗೊಂಡು, ಅದು ಅಷ್ಟು ವ್ಯಾಪಕವಾಗಿರಲು ಸಾಧ್ಯವೆ ಎಂದು ಮತ್ತೆ ಮತ್ತೆ ವಿಚಾರಿಸಿದರೆಂಬುದು ದಾಖಲಾಗಿದೆ. ಆದರೆ ಪೂರ್ವದೇಶಗಳವರೆಲ್ಲರೂ ಸಹಜವಾಗಿಯೇ ಕರುಣಾಳುಗಳೆಂದು ಇದರಿಂದ ಗ್ರಹಿಸಬಾರದು. ನೆಫ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ತುಲನಾತ್ಮಕ ಅಧ್ಯಯನದಲ್ಲಿ ಆತ್ಮಕರುಣೆಯ ಅಂಕಗಳು ಥಾಯ್ಲೆಂಡಿನಲ್ಲಿ ಅತ್ಯಧಿಕವಾಗಿಯೂ, ತೈವಾನಿನಲ್ಲಿ ಅತಿ ಕಡಮೆಯಾಗಿಯೂ, ಅಮೆರಿಕದಲ್ಲಿ ಇವೆರಡರ ನಡುವೆಯೂ ಇದ್ದುವು. ಪೂರ್ವವೋ ಪಶ್ಚಿಮವೋ ಎಂಬ ದಿಕ್ಕಿಗಿಂತ, ಮಕ್ಕಳು ಎಡವಿದಾಗ ಹಿರಿಯರು ಅವರೊಡನೆ ಹೇಗೆ ನಡೆದುಕೊಳ್ಳುತ್ತಾರೆಂಬುದೇ ಹೆಚ್ಚು ನಿರ್ಣಾಯಕವೆಂದು ತೋರುತ್ತದೆ.

ಇನ್ನು ಪ್ರಮಾಣಗಳ ಬಲಾಬಲವನ್ನು ವಿಚಾರಿಸೋಣ. ಆಂಗಸ್ ಮೆಕ್‌ಬೆತ್ ಮತ್ತು ಆಂಡ್ರ್ಯೂ ಗಮ್ಲಿ 2012ರಲ್ಲಿ ಇಪ್ಪತ್ತು ಗುಂಪುಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಆತ್ಮಕರುಣೆ ಹೆಚ್ಚಿದಷ್ಟೂ ಖಿನ್ನತೆ, ಆತಂಕ, ಒತ್ತಡಗಳು ಕಡಮೆಯಾಗಿರುವುದು ಕಂಡಿತು. ಆ ಸಹಸಂಬಂಧದ ಪ್ರಮಾಣ ಋಣ 0.54, ಅಂದರೆ ಮನಶ್ಶಾಸ್ತ್ರದಲ್ಲಿ ಗಣನೀಯವೆನ್ನಿಸುವಷ್ಟು ದೊಡ್ಡದು. ಆದರೆ ಎರಡು ಸಂಗತಿಗಳು ಒಟ್ಟಿಗೆ ಇರುವುದರಿಂದಲೇ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು; ಖಿನ್ನನಾದವನು ಖಿನ್ನತೆಯ ಕಾರಣದಿಂದಲೇ ತನ್ನನ್ನು ಹಳಿದುಕೊಳ್ಳುತ್ತಿರಬಹುದು. ನೆದರ್ಲೆಂಡ್ಸಿನ ಪೀಟರ್ ಮೂರಿಸ್ ಮೊದಲಾದ ವಿಮರ್ಶಕರು, ಪ್ರಶ್ನಾವಳಿಯ ಅರ್ಧದಷ್ಟು ವಾಕ್ಯಗಳು ಆತ್ಮನಿಂದೆ, ಒಂಟಿತನ ಮೊದಲಾದ ವಿರೋಧಿ ಭಾವಗಳನ್ನೇ ಅಳೆಯುವುದರಿಂದ ಈ ಸಂಬಂಧವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆಂದು ಆಕ್ಷೇಪಿಸಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಆದಕಾರಣ ಹೆಚ್ಚಿನ ಬೆಲೆಯುಳ್ಳವು, ಜನರನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ಮಾತ್ರ ತರಬೇತಿಯನ್ನಿತ್ತು ಹೋಲಿಸುವ ಪ್ರಯೋಗಗಳು. ನೆಫ್ ಮತ್ತು ಕ್ರಿಸ್ಟೊಫರ್ ಜರ್ಮರ್ ರೂಪಿಸಿದ ಎಂಟು ವಾರಗಳ ಶಿಕ್ಷಣಕ್ರಮವನ್ನು ಇಂಥ ವಿಧಾನದಿಂದ ಪರೀಕ್ಷಿಸಿ 2013ರಲ್ಲಿ ಫಲವನ್ನು ಪ್ರಕಟಿಸಲಾಯಿತು. 2019ರ ಹೊತ್ತಿಗೆ ಇಂಥ 27 ಪ್ರಯೋಗಗಳನ್ನು ಕೂಡಿಸಿ ಪರಿಶೀಲಿಸಿದಾಗ, ಖಿನ್ನತೆ ಮತ್ತು ಆತಂಕಗಳು ಮಧ್ಯಮ ಪ್ರಮಾಣದಲ್ಲಿ ಇಳಿಯುತ್ತವೆಂಬುದು ಸ್ಥಿರಪಟ್ಟಿತು. ಇದು ಸಂಜೀವಿನಿಯಲ್ಲ, ಆದರೆ ಉಪೇಕ್ಷಿಸತಕ್ಕದ್ದೂ ಅಲ್ಲ.

ಅಭ್ಯಾಸವಾದರೂ ಕಠಿನವಲ್ಲ. ಕೆನಡದ ಯಾರ್ಕ್ ವಿಶ್ವವಿದ್ಯಾನಿಲಯದ ಲಿಯಾ ಶಪೀರಾ ಮತ್ತು ಮಿರಿಯಂ ಮಾಂಗ್ರೇನ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರು, ತಮ್ಮನ್ನು ನೋಯಿಸಿದ ಸಂಗತಿಯ ಬಗ್ಗೆ ತಮಗೆ ತಾವೇ ಕರುಣೆಯ ಪತ್ರವೊಂದನ್ನು ಏಳು ದಿನಗಳ ಕಾಲ ಬರೆದರು. ಅದರಿಂದ ಖಿನ್ನತೆಯಲ್ಲಾದ ಇಳಿತವು ಮೂರು ತಿಂಗಳವರೆಗೂ, ಸಂತೋಷದಲ್ಲಾದ ಏರಿಕೆಯು ಆರು ತಿಂಗಳವರೆಗೂ ಕಂಡುಬಂದಿತು. ಓದುಗರು ಇದನ್ನು ಹೀಗೆ ಪ್ರಯತ್ನಿಸಬಹುದು: ಮನಸ್ಸನ್ನು ಕೊರೆಯುತ್ತಿರುವ ಸೋಲೊಂದನ್ನು, ಅಲಂಕಾರವಿಲ್ಲದೆ, ನಡೆದುದು ನಡೆದಂತೆ ಎರಡು ಮೂರು ವಾಕ್ಯಗಳಲ್ಲಿ ಬರೆಯುವುದು, ಇಂಥದೇ ಸ್ಥಿತಿಗೆ ಸಿಲುಕಿರಬಹುದಾದ ಇತರರನ್ನು ನೆನೆದು ಅವರ ವಿಷಯವನ್ನೂ ಒಂದೆರಡು ವಾಕ್ಯಗಳಲ್ಲಿ ಸೇರಿಸುವುದು, ಪ್ರಾಣಸ್ನೇಹಿತನೊಬ್ಬನು ಇದೇ ಸಂಕಟವನ್ನು ಹೇಳಿಕೊಂಡು ಬಂದರೆ ಅವನಿಗೆ ಏನು ಹೇಳುತ್ತಿದ್ದೆವೋ ಅದನ್ನು ತನ್ನ ಹೆಸರಿಗೇ ಬರೆದು, ನಾಳೆ ಮಾಡಬೇಕಾದ ಒಂದು ಕೆಲಸವನ್ನು ಕೊನೆಗೆ ನಮೂದಿಸುವುದು. ಬರೆಯಲಾರದವರು ಇದನ್ನೇ ಮನಸ್ಸಿನಲ್ಲಿ ಆಡಿಕೊಳ್ಳಬಹುದು. ಕೆಲವರಿಗೆ ಆರಂಭದಲ್ಲಿ ಅಳು ಬರುವುದುಂಟು, ಕೆಲವರಿಗೆ ಇದೆಲ್ಲ ಕೃತಕವೆನ್ನಿಸುವುದೂ ಉಂಟು; ಬಹುಕಾಲ ಬೈಗುಳಕ್ಕೆ ಒಗ್ಗಿದ ಕಿವಿಗೆ ಮೃದುವಾದ ಮಾತು ಅಪರಿಚಿತವೆನ್ನಿಸುವುದು ಸಹಜವಾದ್ದರಿಂದ ಅದಕ್ಕಾಗಿ ಎದೆಗುಂದಬೇಕಾಗಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ನೆರೆಯಲ್ಲಿ ಬೆಳೆ ಕಳೆದುಕೊಂಡವನಿಗೆ ಸಲ್ಲಬೇಕಾದ ಪರಿಹಾರಧನವನ್ನಾಗಲಿ, ಸಾಲದ ಭಾರವನ್ನು ಇಳಿಸುವ ನ್ಯಾಯವನ್ನಾಗಲಿ ಆತ್ಮಕರುಣೆಯ ಬೋಧನೆಯಿಂದ ಭರ್ತಿಮಾಡಲಾಗದು. ಹಾಗೆ ಮಾಡಹೊರಡುವುದು ದಯೆಯ ಹೆಸರಿನಲ್ಲಿ ನಡೆಯುವ ಅನ್ಯಾಯ. ಅಂತೆಯೇ, ನಿದ್ದೆ ಹಸಿವುಗಳು ಕೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ವಾರಗಟ್ಟಲೆ ಕಳೆದು, ಬದುಕೇ ಬೇಡವೆನ್ನಿಸುವ ಸ್ಥಿತಿ ಬಂದರೆ ಅದು ವೈದ್ಯರ ಸಹಾಯ ಬೇಕಾದ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕಿದವರು ಯಾವುದಾದರೊಂದು ಮಾನಸಿಕ ವ್ಯಾಧಿಯಿಂದ ಬಳಲುತ್ತಿದ್ದರು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಇಂದು 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಟೆಲಿ ಮಾನಸ್ ಸೇವೆಯ ಮೂಲಕ ಕನ್ನಡದಲ್ಲಿಯೇ ಸಲಹೆಯನ್ನು ಪಡೆಯಬಹುದು. ವೈದ್ಯರಾದ ಎಂ. ಶಿವರಾಂ ಅವರು ‘ಮನಮಂಥನ’ವೆಂಬ ಕೃತಿಯ ಮೂಲಕ ಮನೋವ್ಯಾಧಿಗಳ ವಿಚಾರವನ್ನು ಕನ್ನಡಿಗರ ಮುಂದಿಟ್ಟು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು, ಮನಸ್ಸಿನ ರೋಗದ ಬಗ್ಗೆ ನಾಚಿಕೆಯಿಲ್ಲದೆ ಮಾತನಾಡಬಹುದೆಂದು ತೋರಿಸಿಕೊಟ್ಟ ಆ ಪರಂಪರೆಯನ್ನು ಮುಂದುವರಿಸುವುದು ನಮ್ಮೆಲ್ಲರ ಕರ್ತವ್ಯ.

ಹಾಗೆ ನೋಡಿದರೆ ಆತ್ಮಕರುಣೆಯು ಒಬ್ಬನೇ ಕುಳಿತು ಪೂರ್ತಿಯಾಗಿ ಸಾಧಿಸತಕ್ಕ ಗುಣವಲ್ಲ. ಸುತ್ತಲಿನವರು ಸೋಲಿನ ವಿಷಯದಲ್ಲಿ ಆಡುವ ಮಾತುಗಳೇ ಅದಕ್ಕೆ ಬೀಜ. ಫಲಿತಾಂಶ ಪ್ರಕಟವಾಗುವ ವಾರದಲ್ಲಿ ಉತ್ತೀರ್ಣರ ಭಾವಚಿತ್ರಗಳನ್ನು ಫ್ಲೆಕ್ಸಿನಲ್ಲಿ ಹಾಕುವ ಶಾಲಾಕಾಲೇಜುಗಳು, ಅನುತ್ತೀರ್ಣರಾದವರ ಮನೆಗಳಿಗೆ ಒಬ್ಬ ಉಪಾಧ್ಯಾಯರನ್ನು ಕಳುಹಿಸುವ ಪದ್ಧತಿಯನ್ನೂ ಇಟ್ಟುಕೊಳ್ಳಬಹುದು. ಮೊದಲ ಸಲ ತೇರ್ಗಡೆಯಾಗದೆ, ಮತ್ತೆ ಕಟ್ಟಿ ಪಾಸಾಗಿ, ಇಂದು ನೌಕರಿಯಲ್ಲಿಯೋ ಬೇಸಾಯದಲ್ಲಿಯೋ ನೆಮ್ಮದಿಯಾಗಿರುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರು ಅದನ್ನು ಬಚ್ಚಿಡದೆ ಮಕ್ಕಳ ಮುಂದೆ ಹೇಳಬಹುದು. ಸಹಕಾರ ಸಂಘದ ಜಗುಲಿಯಲ್ಲಿ, ಡೇರಿಯ ಸರದಿಯಲ್ಲಿ, ಸ್ವಸಹಾಯ ಗುಂಪಿನ ಸಭೆಯಲ್ಲಿ ತನ್ನ ಸಾಲದ ವಿಚಾರವನ್ನು ತಲೆಯೆತ್ತಿ ಹೇಳಿಕೊಳ್ಳುವ ಧೈರ್ಯ ಒಬ್ಬನಿಗೆ ಬಂದರೆ, ಪಕ್ಕದವನಿಗೂ ಬರುತ್ತದೆ. ಹೇಳಿಕೊಂಡ ಸಾಲಕ್ಕೆ ದಾರಿಯನ್ನು ಹುಡುಕಬಹುದು, ಒಪ್ಪಿಕೊಂಡ ತಪ್ಪನ್ನು ತಿದ್ದಬಹುದು. ಬಚ್ಚಿಟ್ಟದ್ದಕ್ಕೆ ಮಾತ್ರ ಯಾರೂ ಔಷಧವನ್ನು ಕೊಡಲಾರರು. ಮನುಷ್ಯನು ತನ್ನ ಸೋಲನ್ನು ಹೆದರದೆ ನೋಡುವಂತಾಗಬೇಕೆಂಬುದೇ ಈ ವಿಜ್ಞಾನದ ಸಾರ. ಹಾಗೆ ನೋಡುವ ಧೈರ್ಯವನ್ನು ಒಬ್ಬರಿಗೊಬ್ಬರು ಕೊಡುವುದಕ್ಕೆ ಪ್ರಯೋಗಶಾಲೆಯೂ ಬೇಡ, ಪದವಿಯೂ ಬೇಡ. ಮಗ ಫೇಲಾದ ದಿನ ಮೊದಲು ಊಟಕ್ಕೆ ಕರೆದು, ಲೆಕ್ಕವನ್ನು ಮರುದಿನ ಕೇಳುವಷ್ಟು ತಾಳ್ಮೆಯಿದ್ದರೆ ಸಾಕು.